ಕಿತ್ತೆಸೆದ ಕರಿಕೆ ಅಂಗಳಕ್ಕೆ ಬಂದ ದಾರಿ

ನವನಗರದ ನಮ್ಮ ಮನೆಯ ಮುಂದೆ ಎರಡನೇ ಸಲ ಹುಲ್ಲು ಹಚ್ಚಿಸುತ್ತಿದ್ದಾಗ ಹುನಗುಂದ ಕಡೆಯ ಹಿರಿಯ ರೈತರೊಬ್ಬರು ಬಂದು ಕಟ್ಟೆಯ ಮೇಲೆ ಕೂತರು. ಮಾಲಿ ಗೋಣಿಚೀಲದಿಂದ ಬೇರಿನ ತುಂಡು ತೆಗೆದು ನಾಲ್ಕು ಬೆರಳಿಗೊಂದರಂತೆ ಊರುತ್ತಿದ್ದ. ಸ್ವಲ್ಪ ಹೊತ್ತು ನೋಡಿದವರೇ, "ಏನ್ರೀ ಸರ, ಈ ಕರಕಿ ಕೀಳಾಕಂತ ನಮ್ಮಪ್ಪ ಸಾಲಾ ಮಾಡಿದ್ದ. ನೀವು ರೊಕ್ಕಾ ಕೊಟ್ಟು ಹಚ್ಚಾಕತ್ತೀರಲ್ಲ!" ಎಂದು ನಕ್ಕರು. ನನಗೂ ನಗು ಬಂತು. ಆದರೆ ಬಾಗಲಕೋಟೆ ಸೀಮೆಯಲ್ಲಿ ಲಾನ್ ಎಂಬ ಹುಲ್ಲುಹಾಸಿನ ಕಥೆಯೆಲ್ಲ ಆ ಒಂದು ಮಾತಿನಲ್ಲೇ ಇದೆ. ಇಲ್ಲಿಗೆ ಹೊರಗಿನ ಎಷ್ಟೋ ಹುಲ್ಲು ಬಂದವು. ಕೊನೆಗೆ ಉಳಿದದ್ದು ಹೊಲದಿಂದ ಕಿತ್ತು ಬದುವಿಗೆ ಎಸೆದ ಕರಿಕೆಯೇ.

ದಕ್ಷಿಣದವರು ಗರಿಕೆ ಎನ್ನುವುದನ್ನು ನಾವು ಕರಿಕೆ ಎನ್ನುತ್ತೇವೆ, ಮಾತಿನಲ್ಲಿ ಕರಕಿ. ಮಲಪ್ರಭೆ, ಕೃಷ್ಣೆಯ ದಂಡೆಯ ಎರೆ ಹೊಲದಲ್ಲಿ ಇದರ ಬೇರು ಮೊಳದುದ್ದ ಇಳಿದಿರುತ್ತದೆ. ಗೆಣ್ಣು ಗೆಣ್ಣಿಗೂ ಚಿಗುರುವ ಗುಣ. ಕಟ್ಟಿಗೆಯ ರಂಟಿ ಹೊಡೆದರೆ ಸಾಯುವುದಿರಲಿ, ತುಂಡಾಗಿ ಒಂದು ಹತ್ತಾಗುತ್ತದೆ. ಬೇಸಿಗೆಯಲ್ಲಿ ಎರೆ ಬಿರಿದಾಗ ಆಳು ಹಚ್ಚಿ ಗುದ್ದಲಿಯಿಂದ ಅಗೆಸುವುದೊಂದೇ ದಾರಿಯಾಗಿತ್ತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರ ಸುಮಾರಿಗೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಮೊದಮೊದಲು ಮುಟ್ಟಲಿಲ್ಲವಂತೆ. ಮುಂದೆ ಎರೆ ಸೀಮೆಯಲ್ಲಿ ಆ ನೇಗಿಲು ನೆಲೆಯೂರಲು ಒಂದು ದೊಡ್ಡ ಕಾರಣ ಕರಿಕೆ. ಆಳಕ್ಕೆ ಹೋಗಿ ಮಣ್ಣು ಮಗುಚಿ ಬೇರನ್ನು ಬಿಸಿಲಿಗೆ ಒಡ್ಡುವ ಶಕ್ತಿ ಅದಕ್ಕಿತ್ತು.

ಹೊಲದ ವೈರಿ ಎಂದ ಮಾತ್ರಕ್ಕೆ ಕರಿಕೆಯನ್ನು ಯಾರೂ ಪೂರ್ತಿ ದೂರ ಇಟ್ಟವರಲ್ಲ. ಗಣಪತಿಗೆ ಇಪ್ಪತ್ತೊಂದು ಕುಡಿ ಏರಬೇಕಾದರೆ ಅದೇ ಬೇಕು. ಹುನಗುಂದದ ಒಣಬೇಸಾಯದವರು ಮಳೆನೀರು ಹಿಡಿಯಲು ಹಾಕುವ ಒಡ್ಡಿನ ಮಣ್ಣು ಕೊಚ್ಚಿ ಹೋಗದಂತೆ ಹಿಡಿದಿಡುವುದೂ ಅದೇ. ಇನ್ನು ಹಳೆಯ ಮಣ್ಣಿನ ಮಾಳಿಗೆಗಳು! ಮಳೆಗಾಲಕ್ಕೆ ಮೊದಲು ಮಾಳಿಗೆಯ ಮೇಲೆ ಸವಳು ಮಣ್ಣು ಹಾಕಿ ತುಳಿಯುತ್ತಿದ್ದರು. ನೀರು ಇಂಗಬಾರದು, ಹುಲ್ಲೂ ಏಳಬಾರದು ಎಂದು. ಎಲ್ಲಿರಬೇಕು, ಎಲ್ಲಿರಬಾರದು ಎಂಬ ಲೆಕ್ಕ ಜನರಿಗೆ ಗೊತ್ತಿತ್ತು. ಹುಲ್ಲನ್ನು ಬೆಳೆಸಿ, ದನಕ್ಕೂ ಹಾಕದೆ ಸುಮ್ಮನೆ ಕತ್ತರಿಸಿ ಎಸೆಯುವ ಕಲ್ಪನೆ ಮಾತ್ರ ಇರಲಿಲ್ಲ.

ಆ ಕಲ್ಪನೆ ಇಂಗ್ಲೆಂಡಿನದು. ಅಲ್ಲಿ ಮೊದಲು ಕುಡಗೋಲು ಹಿಡಿದ ಆಳುಗಳನ್ನು ಸಾಕಬಲ್ಲ ಜಮೀನ್ದಾರರಿಗಷ್ಟೇ ಹುಲ್ಲುಹಾಸು. 1830ರಲ್ಲಿ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಸಾಮಾನ್ಯರ ಮನೆಗೂ ಇಳಿಯಿತು. ಅವನಿಗೆ ಈ ಉಪಾಯ ಹೊಳೆದದ್ದು ಬಟ್ಟೆ ಗಿರಣಿಯಲ್ಲಿ, ನೇಯ್ದ ಉಣ್ಣೆ ಬಟ್ಟೆಯ ಮೇಲೆದ್ದ ಜೂಲನ್ನು ಸಮನಾಗಿ ಕತ್ತರಿಸುವ ಯಂತ್ರ ನೋಡಿ. ಇಳಕಲ್ಲಿನ ನೇಕಾರರಿಗೆ ಇದನ್ನು ಹೇಳಿದರೆ ಖುಷಿಪಡುತ್ತಾರೆ.

ನಮ್ಮ ಸೀಮೆಗೆ ಲಾನ್ ಬಂದದ್ದು ಮನೆಗಳಿಗಲ್ಲ, ಗುಡಿಗಳಿಗೆ. ವೈಸರಾಯ್ ಕರ್ಜನ್ ಕಾಲದಲ್ಲಿ ಸ್ಮಾರಕ ಎಂದರೆ ಸುತ್ತ ಹಸಿರು ಹಾಸಿರಬೇಕೆಂಬ ರೂಢಿ ಬೇರೂರಿತು. ತಾಜಮಹಲಿನ ಉದ್ಯಾನದ ಹಳೆಯ ಗಿಡಮರ ಹೋಗಿ ಬಯಲು ಹುಲ್ಲುಹಾಸು ಬಂದದ್ದೂ ಆಗಲೇ. ಪುರಾತತ್ವ ಇಲಾಖೆ ಆ ರೂಢಿಯನ್ನು ಮುಂದುವರಿಸಿತು. ಐಹೊಳೆಯಲ್ಲಿ ಗುಡಿಗಳ ನಡುವೆ, ಗುಡಿಗಳ ಒಳಗೂ, ಜನ ಸಂಸಾರ ಮಾಡಿಕೊಂಡಿದ್ದರು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸವಿದ್ದವನಿಂದ. ಮನೆ, ದನ, ತಿಪ್ಪೆ ಸರಿದ ಜಾಗಕ್ಕೆ ಬೇಲಿ ಬಂತು, ಬೇಲಿಯ ಒಳಗೆ ಹುಲ್ಲು ಬಂತು. ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಇವತ್ತು ಏಪ್ರಿಲ್ ಬಿಸಿಲಲ್ಲಿ ವಿರೂಪಾಕ್ಷ ಗುಡಿಯ ಕೆಂಪು ಮರಳುಗಲ್ಲಿನ ಬುಡದಲ್ಲಿ ಹಸಿರು ಕಂಡಾಗ ಕಣ್ಣಿಗೆ ತಂಪೇ. ಆದರೆ ಚಾಲುಕ್ಯರ ಕಾಲದ ಗುಡಿಯಂಗಳ ಹೀಗಿರಲಿಲ್ಲ ಎಂಬುದೂ ನೆನಪಿರಲಿ. ಒಂದು ತಮಾಷೆ ಎಂದರೆ, ಕೆಳಗೆ ಹುಲ್ಲಿಗೆ ನೀರು ಬಿಡುವ ಇಲಾಖೆಯೇ ಮೇಲೆ ಶಿಖರದ ಸಂದಿಯಲ್ಲಿ ಎದ್ದ ಹುಲ್ಲನ್ನು ಕೀಳಿಸುತ್ತಿರಬೇಕು. ನಮ್ಮ ಮಾಳಿಗೆಯವರ ಲೆಕ್ಕವೇ ಅದು.

ಇಂಗ್ಲೆಂಡಿನ ಲಾನ್ ಇಲ್ಲಿ ಯಾಕೆ ಬದುಕುವುದಿಲ್ಲ ಎಂದರೆ ಎಲ್ಲರೂ ಮಳೆ ಕಮ್ಮಿ ಎನ್ನುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಬಾಗಲಕೋಟೆ ಜಿಲ್ಲೆಯ ಸರಾಸರಿ 560ರ ಆಸುಪಾಸು. ಅಂತರ ದೊಡ್ಡದೇನಲ್ಲ. ಅಲ್ಲಿ ಹನ್ನೆರಡು ತಿಂಗಳೂ ತುಸು ತುಸು ಜಿನುಗುತ್ತದೆ, ಇಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಹಿಂದೆಮುಂದೆ ಸುರಿದು ಹೋಗುತ್ತದೆ. ಉಳಿದ ದಿನ ಬಿಸಿಲು ನೆಲದ ಹಸಿಯನ್ನೆಲ್ಲ ಹೀರುತ್ತದೆ. ಆ ದೇಶದ ಹುಲ್ಲು ತಂಪಿನ ಜಾತಿ. ಕರಿಕೆಯಾದರೋ ಜೋಳ, ಸಜ್ಜೆ, ಕಬ್ಬಿನ ಬಳಗ, ಬಿಸಿಲು ಏರಿದಂತೆ ಚುರುಕಾಗುವಂಥದು. ಹೊರದೇಶದವರು ಇದನ್ನು ಬರ್ಮುಡಾ ಹುಲ್ಲು ಎಂದು ಕರೆಯುವುದು ಬರೀ ಹೆಸರಿನ ಆಟ. ಬರ್ಮುಡಾ ದ್ವೀಪಕ್ಕೂ ಅದು ಹೊರಗಿನಿಂದಲೇ ಹೋದದ್ದು.

ಮನೆಯ ಲಾನ್ ಇಲ್ಲಿ ಹುಟ್ಟಿದ್ದು ಅಣೆಕಟ್ಟಿನಿಂದ ಎಂದರೆ ಉತ್ಪ್ರೇಕ್ಷೆಯಲ್ಲ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರಲ್ಲಿ, ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ಈ ನಡುವೆ ಹಳೆ ಬಾಗಲಕೋಟೆಯ ದೊಡ್ಡ ಭಾಗ ಹಿನ್ನೀರಿಗೆ ಹೋಯಿತು, ಜನ ನವನಗರದ ಸೆಕ್ಟರುಗಳಿಗೆ ಬಂದರು. ಹಳೆ ಊರಿನಲ್ಲಿ ಓಣಿಗೆ ತಾಗಿ ಕಟ್ಟೆ, ಕಟ್ಟೆಗೆ ತಾಗಿ ತಲಬಾಗಿಲು. ಮನೆ ಮುಂದೆ ಖಾಲಿ ನೆಲ ಎಂಬುದು ಇರಲೇ ಇಲ್ಲ. ಹೊಸ ಊರಿನಲ್ಲಿ ಅಳತೆಯ ಪ್ಲಾಟು, ಮುಂದೆ ಇಷ್ಟು ಜಾಗ ಬಿಡಬೇಕೆಂಬ ನಿಯಮ, ಸುತ್ತ ಕಂಪೌಂಡು. ಬಿಟ್ಟ ಜಾಗದಲ್ಲಿ ಏನು ಮಾಡುವುದು? ಕೆಲವರು ತೆಂಗು ಹಚ್ಚಿದರು, ಕೆಲವರು ಲಾನ್. ಮನೆ ಕಳೆದುಕೊಂಡವರಿಗೆ ಬಂದ ಹೊಸ ಅಂಗಳ ಅದು. ಅದಕ್ಕೇ ಇರಬೇಕು, ಒಂದು ಮೂಲೆ ಒಣಗಿದರೂ ಮನಸ್ಸಿಗೆ ಹತ್ತುತ್ತದೆ.

2008ರಲ್ಲಿ ರಾಜ್ಯದ ಮೊದಲ ತೋಟಗಾರಿಕೆ ವಿಶ್ವವಿದ್ಯಾಲಯ ನಮ್ಮೂರಿಗೇ ಬಂತು. ಉದ್ಯಾನಗಿರಿ ಎಂದು ಅದರ ಆವರಣಕ್ಕೆ ಹೆಸರು. ಹಣ್ಣು, ತರಕಾರಿಯ ಜೊತೆ ಹೂಬೇಸಾಯ, ಉದ್ಯಾನ ವಿನ್ಯಾಸವೂ ಅಲ್ಲಿಯ ಪಾಠ. ಅಷ್ಟರಲ್ಲಿ ನರ್ಸರಿಗಳಲ್ಲಿ ಹುಲ್ಲಿನ ತಳಿಗಳು ಚೌಕ ಚೌಕವಾಗಿ ಮಾರಾಟಕ್ಕೆ ಬಂದಿದ್ದವು: ಕೊರಿಯನ್, ಮೆಕ್ಸಿಕನ್, ನೆರಳಿಗೆ ಬಫೆಲೊ, ಕರಿಕೆಯಲ್ಲೇ ಆರಿಸಿದ ಸೆಲೆಕ್ಷನ್-1.

ಸುಧಾರಿತ ಕರಿಕೆಯ ಮಾತು ಬಂದಾಗ ಅಮೆರಿಕದ ಗ್ಲೆನ್ ಬರ್ಟನ್ ಎಂಬ ತಳಿ ವಿಜ್ಞಾನಿಯನ್ನು ಬಿಡುವಂತಿಲ್ಲ. ಜಾರ್ಜಿಯಾ ರಾಜ್ಯದ ಟಿಫ್ಟನ್ ಊರಲ್ಲಿ ಕೂತು ಅವರು ನಮ್ಮ ಕರಿಕೆಯ ಜಾತಿಯನ್ನು ಆಫ್ರಿಕಾದ ಸಣ್ಣೆಲೆಯ ಸೋದರ ಹುಲ್ಲಿನೊಂದಿಗೆ ಕೂಡಿಸಿ ಟಿಫ್‌ಗ್ರೀನ್ (1956), ಟಿಫ್‌ವೇ (1960), ಟಿಫ್‌ಡ್ವಾರ್ಫ್ (1965) ತಳಿಗಳನ್ನು ಕೊಟ್ಟರು. ಬಿಸಿ ನಾಡುಗಳ ಗಾಲ್ಫ್ ಮೈದಾನಗಳು ನಿಂತದ್ದು ಇವುಗಳ ಮೇಲೆ. ಅದೇ ಬರ್ಟನ್ ಸಜ್ಜೆಯಲ್ಲೂ ಕೆಲಸ ಮಾಡಿದವರು. ಅವರ ಟಿಫ್ಟ್ 23ಎ ಎಂಬ ಗಂಡುನಪುಂಸಕ ಸಾಲನ್ನು ತಾಯಿಯಾಗಿಟ್ಟುಕೊಂಡೇ 1965ರಲ್ಲಿ ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ಬಂದದ್ದು. ಮುಂದೆ ಬೂಜುರೋಗ ಬಿದ್ದು ಆ ಪೀಳಿಗೆಯ ಸಜ್ಜೆ ಸೋತಿತು, ಆ ಮಾತು ಬೇರೆ. ಶ್ರೀಮಂತರ ಗಾಲ್ಫ್ ಹುಲ್ಲಿಗೂ ಹುನಗುಂದ, ಇಳಕಲ್ಲಿನ ಸಜ್ಜಿ ರೊಟ್ಟಿಗೂ ಒಬ್ಬನೇ ಮನುಷ್ಯನ ಕೈ ತಾಗಿದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ನನ್ನ ಮೊದಲ ಲಾನ್ ಕೊರಿಯನ್ನಿನದು. ಫೆಬ್ರುವರಿಯಲ್ಲಿ ಎರೆಮಣ್ಣಿನ ಮೇಲೇ ಹಾಸಿಕೊಟ್ಟು ಹೋದರು. ಯುಗಾದಿಗೆ ರತ್ನಗಂಬಳಿಯ ಹಾಗಿತ್ತು, ಮೇ ತಿಂಗಳಿಗೆ ಹಳದಿಯಾಗಿ, ಚೌಕಗಳ ಅಂಚು ಮುದುಡಿ, ನಡುವೆ ಕೈ ತೂರುವಷ್ಟು ಬಿರುಕು. ಆ ಹುಲ್ಲು ಕೆಟ್ಟದ್ದಲ್ಲ. ನಿಧಾನಕ್ಕೆ ಬೆಳೆಯುವುದರಿಂದ ಬಿದ್ದ ಗಾಯ ಬೇಗ ಮುಚ್ಚಿಕೊಳ್ಳದು, ಅಷ್ಟೆ. ಊದುವ, ಬಿರಿಯುವ ಎರೆಗೆ ಓಡುವ ಹುಲ್ಲೇ ಬೇಕು. ಎರೆಗೆ ಒಂದೆರಡು ಬುಟ್ಟಿ ಉಸುಕು ಬೆರೆಸಿದರೆ ಸಾಕು ಎನ್ನುವವರ ಮಾತನ್ನೂ ನಂಬಬೇಡಿ, ಅದು ಒಣಗಿದಾಗ ಇಟ್ಟಿಗೆಯಾಗುತ್ತದೆ. ಮೇಲೆ ನಾಲ್ಕಾರು ಇಂಚು ಮಸಾರಿ ಮಣ್ಣು, ಜೊತೆಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾಣಿಸಿ ಹಾಕಿ. ಹಸಿ ಗೊಬ್ಬರವಾದರೆ ಕಳೆಬೀಜವನ್ನೂ ಗೊಣ್ಣೆಹುಳವನ್ನೂ ನೀವೇ ಹೊತ್ತು ತಂದಂತೆ.

ಹಳದಿಯಾದರೆ ಜನ ಯೂರಿಯಾ ಚೆಲ್ಲುತ್ತಾರೆ. ನಮ್ಮ ಸುಣ್ಣದಂಶದ ಮಣ್ಣಿನಲ್ಲಿ ಎಷ್ಟೋ ಸಲ ಕೊರತೆ ಕಬ್ಬಿಣದ್ದು. ಎಳೆ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿ ಇದ್ದರೆ ಅದೇ ಗುರುತು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಸಂಜೆ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ಬಣ್ಣ ತಿರುಗುತ್ತದೆ. ಮೆಟ್ಟಿಲಿಗೆ ಮಾತ್ರ ಸಿಡಿಯದಂತೆ ನೋಡಿಕೊಳ್ಳಿ. ನಮ್ಮ ಇಳಕಲ್ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದ ತುಕ್ಕಿನ ಕಲೆ ಇವತ್ತಿಗೂ ಹೋಗಿಲ್ಲ.

ಬೋಳು ಬಿದ್ದ ಜಾಗದ ರಿಪೇರಿಗೆ ನನ್ನ ಮಾಲಿ ಮಾಡುವ ಕೆಲಸ ನೋಡುವಂಥದು. ಬೋಳನ್ನು ಚೌಕವಾಗಿ ಕೊರೆದು ಕೆದರುತ್ತಾನೆ. ಕಾಲುವೆ ದಂಡೆಯಿಂದ ತಂದ ಕರಿಕೆಯನ್ನು ತುಂಡಿಗೆ ಎರಡು ಮೂರು ಗೆಣ್ಣು ಬರುವಂತೆ ಕುಡಗೋಲಿನಿಂದ ಕೊಚ್ಚಿ, ಸಗಣಿ ರಾಡಿಯಲ್ಲಿ ಕಲಸಿ, ದೋಸೆ ಹಿಟ್ಟಿನಂತೆ ಹರವಿ, ಮೇಲೆ ತೆಳ್ಳಗೆ ಮಣ್ಣು ಉದುರಿಸುತ್ತಾನೆ. ಆಮೇಲೆ ಬೆರಳಿನಿಂದ ಸುತ್ತಲಿನ ಹಳೆ ಹುಲ್ಲಿನ ಬಳ್ಳಿಗಳನ್ನು ಒಂದೊಂದಾಗಿ ಎಳೆದು ಹೊಸ ಮಣ್ಣಿನೊಳಗೆ ಊರುತ್ತಾನೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವುದನ್ನು ನೋಡಿದವರಿಗೆ ಇದು ತಟ್ಟನೆ ನೆನಪಾಗುತ್ತದೆ. ಎರಡು ವಾರ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದರೆ ಗೆಣ್ಣು ಒಡೆಯುತ್ತದೆ. ಇದಕ್ಕೆ ಮಿರಗದ ಮಳೆಯೇ ಕಾಲ, ಬೇಸಿಗೆಯಲ್ಲಿ ಮಾಡಿದ್ದು ದಂಡ. ಬೇವಿನ ಮರದ ಗಟ್ಟಿ ನೆರಳಿನಲ್ಲಂತೂ ಕರಿಕೆ ಯಾವ ಕಾಲಕ್ಕೂ ಬಾರದು.

ಬೇವಿನ ಮರದ ಬುಡದಲ್ಲಿ ಇನ್ನೊಂದು ಕೆಲಸವಿದೆ. ಮೊದಲ ಮಳೆ ಬಿದ್ದ ಸಂಜೆ ಕಂದು ದುಂಬಿಗಳು ನೆಲದಿಂದೆದ್ದು ಬೇವಿನ ಎಲೆಗೆ ಮುತ್ತುತ್ತವೆ. ಅವುಗಳ ಮರಿಯೇ ಗೊಣ್ಣೆಹುಳ. ಆಗಸ್ಟ್‌ನಲ್ಲಿ ಹುಲ್ಲು ಚಾಪೆಯಂತೆ ಎತ್ತಿದರೆ ಎದ್ದು ಬಂತೆಂದರೆ ಕೆಳಗೆ ಬೇರು ತಿಂದು ಅದು ಸುರುಳಿ ಮಲಗಿದೆ ಎಂದರ್ಥ. ಗೊಬ್ಬರದಲ್ಲಿ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿ ಹಾಕುವುದುಂಟು. ಅದಕ್ಕಿಂತ ಆ ಮೊದಲ ಸಂಜೆಗಳಲ್ಲೇ ಟೊಂಗೆ ಅಲುಗಿಸಿ ದುಂಬಿ ಆರಿಸಿ ಸೀಮೆಎಣ್ಣೆ ನೀರಿಗೆ ಹಾಕುವುದು ಸಲೀಸು. ಇನ್ನು ಕಳೆಗಳಲ್ಲಿ ಜೇಕು ಮಾತ್ರ ಕೈಗೆ ಬಗ್ಗುವಂಥದಲ್ಲ. ಎಲೆ ಕಿತ್ತರೆ ಗಡ್ಡೆ ಉಳಿಯುತ್ತದೆ, ಒಂದು ಗಡ್ಡೆಗೆ ಇನ್ನೊಂದು ಸರ ಕಟ್ಟಿದಂತಿರುತ್ತದೆ. ಕಬ್ಬಿನವರು ಹೊಡೆಯುವ ಹ್ಯಾಲೊಸಲ್ಫ್ಯೂರಾನ್ ಅದಕ್ಕೆ ತಾಗುತ್ತದೆ. ನಾನು ಹೊಡೆಸಿಲ್ಲ, ಗುದ್ದಲಿಯಿಂದ ಅಗೆಸುತ್ತೇನೆ.

ಹೆಚ್ಚಿನ ಲಾನ್‌ಗಳು ಹಾಳಾಗುವುದು ರೋಗದಿಂದಲ್ಲ, ಚೊಕ್ಕತನದಿಂದ. ಯುಗಾದಿಗೆ ನುಣ್ಣಗೆ ಕಾಣಲೆಂದು ಬೋಳಿಸುತ್ತಾರೆ, ಬಿಸಿಲು ನೇರ ಬೇರಿಗೆ ಬಡಿಯುತ್ತದೆ. ಎರಡು ಬೆರಳ ಎತ್ತರ ಉಳಿಯಲಿ, ಒಂದು ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ನೀರಿನ ಲೆಕ್ಕವೂ ಹಾಗೇ. ಒಂದು ಗುಂಟೆ ಹುಲ್ಲಿಗೆ ಒಂದಿಂಚು ನೀರು ಎಂದರೆ ಸುಮಾರು 2,500 ಲೀಟರ್. ವಾರಕ್ಕೊಮ್ಮೆ ಇಷ್ಟು ಕೊಟ್ಟರೆ ಬೇರು ಕೆಳಗಿಳಿಯುತ್ತದೆ. ದಿನಾ ಪೈಪು ಹಿಡಿದು ಚಿಮುಕಿಸಿದರೆ ಮೇಲೇ ಉಳಿಯುತ್ತದೆ. ಬರದ ವರ್ಷ ಅಷ್ಟೂ ಕೊಡುವುದು ತಪ್ಪು. ಕರಿಕೆ ಕಂದಾಗಿ ಮಲಗಲಿ, ಅದು ಸತ್ತಿರುವುದಿಲ್ಲ.

ಈಗ ಹೊಸ ಮನೆಗಳಲ್ಲಿ ಅಂಗಳಕ್ಕೆಲ್ಲ ಇಳಕಲ್ ಕಲ್ಲೋ ಪೇವರ್ ಇಟ್ಟಿಗೆಯೋ ಹಾಸಿ, ಮೂಲೆಯಲ್ಲಿ ಪ್ಲಾಸ್ಟಿಕ್ ಹುಲ್ಲಿನ ಚೂರು ಅಂಟಿಸುತ್ತಾರೆ. ಮೇ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟು ನೋಡಿ, ಹೆಚ್ಚು ಹೇಳಬೇಕಾಗಿಲ್ಲ. ನೀರಿಲ್ಲದವರು ಕಲ್ಲು ಹಾಸಲಿ, ಅದು ಪ್ರಾಮಾಣಿಕ ಕೆಲಸ. ನೀರಿದ್ದವರು ಕರಿಕೆ ಹಚ್ಚಲಿ.

ನಮ್ಮ ಅಂಗಳಕ್ಕೆ ಔಷಧ ಹೊಡೆಯುವುದಿಲ್ಲವೆಂದು ಓಣಿಗೆಲ್ಲ ಗೊತ್ತು. ಕಳೆದ ಚೌತಿಗೆ ಏಳು ಮನೆಯವರು ಇಲ್ಲಿಂದಲೇ ಕರಿಕೆ ಕೊಯ್ದುಕೊಂಡು ಹೋದರು.