ಲೀನ್ ಮಾಸ್ 'ನಾರ್ಮಲ್' ಅಂದ್ರೆ ಯಾರ ನಾರ್ಮಲ್?

ಮನೆಯ ಸ್ಮಾರ್ಟ್ ತೂಕದ ಮಷೀನು ಹತ್ತಿದರೆ ಆ್ಯಪಲ್ಲಿ 'ಲೀನ್ ಮಾಸ್' ಅಂತ ಒಂದು ಸಾಲು ಬರುತ್ತೆ. ಅಂದ್ರೆ ಕೊಬ್ಬು ಕಳೆದು ಉಳಿದ ತೂಕ: ಸ್ನಾಯು, ಮೂಳೆ, ಅಂಗಾಂಗ, ನೀರು. ಪಕ್ಕದಲ್ಲಿ 'ನಾರ್ಮಲ್' ಅಂತಿದ್ರೆ ನಲವತ್ತೈದು ದಾಟಿದ ಹೆಂಗಸರು ನಿಶ್ಚಿಂತರಾಗ್ತಾರೆ. ನನ್ನ ಪ್ರಶ್ನೆ ಇಷ್ಟೇ: ಈ ನಾರ್ಮಲ್ ಯಾರ ಮೈ ಅಳೆದು ಬಂದದ್ದು?

1942ಕ್ಕೆ ಹೋಗೋಣ. ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಹ್ನ್‌ಕೆ ಜನರನ್ನು ನೀರಲ್ಲಿ ಮುಳುಗಿಸಿ ತೂಗಿದರು. ಕೊಬ್ಬು ತೇಲುತ್ತೆ, ಸ್ನಾಯು-ಮೂಳೆ ಮುಳುಗುತ್ತೆ, ಅದೇ ಲೆಕ್ಕ. 25 ವೃತ್ತಿಪರ ಫುಟ್ಬಾಲ್ ಆಟಗಾರರಲ್ಲಿ 17 ಜನ ಎತ್ತರ-ತೂಕದ ಪಟ್ಟಿ ಪ್ರಕಾರ ಸೈನ್ಯಕ್ಕೆ ಅನರ್ಹರು. ನೀರಲ್ಲಿ ತೂಗಿದರೆ ಅವರ ಮೈತುಂಬ ಇದ್ದದ್ದು ಸ್ನಾಯು! ತೂಕ ಬೇರೆ, ಕೊಬ್ಬು ಬೇರೆ ಅನ್ನೋದು ಹೀಗೆ ಸ್ಪಷ್ಟವಾಯ್ತು. ಆದರೆ ನೀರಿಗೆ ಇಳಿದವರೆಲ್ಲ ಗಂಡಸರು.

ಮುಂದೆ ಬಂದ ಸೂತ್ರಗಳು ಕೊಬ್ಬಿಲ್ಲದ ಭಾಗದ ಸಾಂದ್ರತೆಯನ್ನು 1.1 ಅಂತ ಹಿಡಿದವು. ಅದಕ್ಕೆ ಆಧಾರ ಮೂವರು ಗಂಡಸರ ಶವ ಪರೀಕ್ಷೆ. ಮುಟ್ಟು ನಿಂತ ಮೇಲೆ ಮೂಳೆ ಹಗುರಾದ ಹೆಂಗಸಿಗೆ ಅದೇ ಸೂತ್ರ ಹಾಕಿದರೆ ಇಲ್ಲದ ಕೊಬ್ಬನ್ನೂ ಇದೆ ಅನ್ನುತ್ತೆ.

1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ವಯಸ್ಸಿನ ಜೊತೆ ಸ್ನಾಯು ಕರಗೋದಕ್ಕೆ 'ಸಾರ್ಕೋಪೀನಿಯಾ' ಅಂತ ಹೆಸರಿಟ್ಟರು. 1998ರಲ್ಲಿ ನ್ಯೂ ಮೆಕ್ಸಿಕೋದ ಸಂಶೋಧಕರು ಹೆಂಗಸರಿಗೇ ಪ್ರತ್ಯೇಕ ಗಡಿ ಹಾಕಿದರು: ಕೈಕಾಲಿನ ಸ್ನಾಯುವಿನ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ 5.45. 2014ರಲ್ಲಿ ಏಷ್ಯಾದ ತಜ್ಞರ ಗುಂಪು ಡೆಕ್ಸಾ ಸ್ಕ್ಯಾನಿಗೆ 5.4 ಅಂದಿತು. 155 ಸೆಂ.ಮೀ. ಎತ್ತರದವರಿಗೆ ಸುಮಾರು 13 ಕೆ.ಜಿ. ಆದರೆ ಮೈಯಲ್ಲಿ ಕರೆಂಟ್ ಹಾಯಿಸಿ ಅಂದಾಜು ಮಾಡೋ ಮಷೀನಿಗೆ ಅವರದ್ದೇ ಗಡಿ 5.7. ಅಂದ್ರೆ ಮಷೀನು ಬದಲಾದ್ರೆ ನಾರ್ಮಲ್ಲೂ ಬದಲು. ಆ ಗುಂಪಲ್ಲಿದ್ದವರು ಜಪಾನ್, ಚೀನಾ, ಕೊರಿಯಾ, ಥಾಯ್ಲೆಂಡ್ ಕಡೆಯವರು, ಭಾರತ ಇರಲಿಲ್ಲ.

ಈ ಗಡಿಗಳೆಲ್ಲ ವಯಸ್ಸಾದವರನ್ನು ಮನಸ್ಸಲ್ಲಿಟ್ಟು ಹಾಕಿದ್ದು. ನಡುವಯಸ್ಸನ್ನೇ ವರ್ಷಗಟ್ಟಲೆ ಹಿಂಬಾಲಿಸಿದ್ದು ಅಮೆರಿಕದ 'ಸ್ವಾನ್' ಅಧ್ಯಯನ. 1996ರಲ್ಲಿ 42ರಿಂದ 52 ವಯಸ್ಸಿನ ಹೆಂಗಸರನ್ನು ಸೇರಿಸಿಕೊಂಡು ಶುರುವಾಯ್ತು. 2019ರಲ್ಲಿ ಬಂದ ಫಲಿತಾಂಶ ನೋಡಿ: ಮೆನೋಪಾಸ್ ಹತ್ತಿರ ಬಂದಾಗ ಕೊಬ್ಬು ಏರುವ ವೇಗ ಇಮ್ಮಡಿ, ಲೀನ್ ಮಾಸ್ ಇಳಿಮುಖ. ಕೊನೆಯ ಮುಟ್ಟಿನ ನಂತರ ಸುಮಾರು ಎರಡು ವರ್ಷ ಇದು ನಡೆಯುತ್ತೆ. ಆದರೆ ತೂಕ ಏರುವ ವೇಗದಲ್ಲಿ ಇದರ ಸುಳಿವೇ ಇಲ್ಲ! 'ನನ್ನ ತೂಕ ಹಾಗೇ ಇದೆ' ಅನ್ನೋ ಸಮಾಧಾನ ಮೋಸ ಮಾಡೋದು ಇಲ್ಲೇ. ಈ ಅಧ್ಯಯನದಲ್ಲೂ ದಕ್ಷಿಣ ಏಷ್ಯಾದವರ ಗುಂಪು ಇರಲಿಲ್ಲ.

ನಮ್ಮ ಕಥೆ ಬೇರೆ ಅಂತ ತೋರಿಸಿದ್ದು ಪುಣೆಯ ಡಾ. ಯಾಜ್ಞಿಕ್. 2004ರ 'ಲ್ಯಾನ್ಸೆಟ್'ನಲ್ಲಿ ಅವರೂ ಬ್ರಿಟನ್ನಿನ ಡಾ. ಯುಡ್ಕಿನ್ನರೂ ಪಕ್ಕಪಕ್ಕ ನಿಂತ ಫೋಟೋ ಇದೆ. ಇಬ್ಬರದ್ದೂ ಬಿಎಂಐ 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%.

ಹಾಗಾಗಿ ಆ್ಯಪಿನ ಹಸಿರು ಬಣ್ಣಕ್ಕಿಂತ ನಿಮ್ಮದೇ ಹಳೇ ಅಂಕಿ ಒಳ್ಳೆ ಅಳತೆಗೋಲು. ಅದೇ ಮಷೀನು, ಬೆಳಗಿನ ಅದೇ ಹೊತ್ತು, ವರ್ಷದಿಂದ ವರ್ಷಕ್ಕೆ ಬರೆದಿಡಿ. ಕೈ ಊರದೆ ಕುರ್ಚಿಯಿಂದ ಏಳೋದು, ಡಬ್ಬಿ ಮುಚ್ಚಳ ತೆಗೆಯೋದು ಕಷ್ಟವಾಗ್ತಿದ್ರೆ, ರಿಪೋರ್ಟ್ ನಾರ್ಮಲ್ ಅಂದ್ರೂ ಡಾಕ್ಟರ ಹತ್ರ ಮಾತಾಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.