ಹಾರಿಹೋದ ಗೊಬ್ಬರದ ಲೆಕ್ಕ

45 ಕಿಲೋ ಯೂರಿಯಾ ಚೀಲದಾಗ ಸಾರಜನಕ ನೂರಕ್ಕೆ 46ರಂತೆ 20.7 ಕಿಲೋ ಇರುತ್ತದೆ. ಅದೆಲ್ಲಾ ಬೆಳೆಗೇ ಸೇರತೈತಿ ಅಂತ ಅನೇಕರು ತಿಳಿದಿದ್ದಾರೆ. ಹಂಗಿಲ್ಲ. ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಇದನ್ನು ಅಳೆಯುವ ದಾರಿ ಸಿಕ್ಕಿದ್ದು ಡೆನ್ಮಾರ್ಕಿನ ಒಂದು ಬಿಯರ್ ಕಂಪನಿಯ ಪ್ರಯೋಗಶಾಲೆಯಲ್ಲಿ! ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಶಾಲೆಯ ಯೋಹಾನ್ ಕೆಲ್ಡಾಲ್ 1883ರಲ್ಲಿ ಕಾಳಿನ ಸಾರಜನಕ ಅಳೆಯುವ ರೀತಿ ಪ್ರಕಟಿಸಿದ. ಕಾಳನ್ನು ಗಂಧಕಾಮ್ಲದಲ್ಲಿ ಕುದಿಸಿ, ಆಮೇಲೆ ಕ್ಷಾರ ಬೆರೆಸಿ, ಏಳುವ ಅಮೋನಿಯಾವನ್ನು ಅಳತೆಯ ಆಮ್ಲದಲ್ಲಿ ಹಿಡಿಯುವುದು. ಎಷ್ಟು ಆಮ್ಲ ಸವೆಯಿತೋ ಅದರಿಂದ ಅಮೋನಿಯಾದ ಲೆಕ್ಕ ಸಿಗುತ್ತದೆ. 1913ರಲ್ಲಿ ವಿಂಕ್ಲರ್ ಬೋರಿಕ್ ಆಮ್ಲ ಬಳಸಿ ಈ ಕೆಲಸ ಹಗುರ ಮಾಡಿದ.

ಯೂರಿಯಾ ಒಡೆಯುವುದು ಯೂರಿಯೇಸ್ ಎಂಬ ಕಿಣ್ವದಿಂದ. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಅದನ್ನು ಜಾಕ್ ಬೀನ್ ಕಾಳಿನಿಂದ ಹರಳಾಗಿ ತೆಗೆದ, 1946ರಲ್ಲಿ ನೊಬೆಲ್ ಪಾಲು ಪಡೆದ. ಮಣ್ಣಿನಲ್ಲೂ ಈ ಕಿಣ್ವ ಇದ್ದೇ ಇದೆ.

ಹೊಲದಲ್ಲಿ ಅಳೆಯುವವರು ಗೊಬ್ಬರ ಹಾಕಿದ ನೆಲದ ಮೇಲೆ ಡಬ್ಬಿ ಮುಚ್ಚಿ, ಒಳಗೆ ಆಮ್ಲ ಇಟ್ಟರು. ಉಪಾಯ ಅಗ್ಗದ್ದು, ಆದರೆ ತೊಡಕೂ ಇದೆ. ಅಮೋನಿಯಾ ಹೊತ್ತೊಯ್ಯುವುದು ಗಾಳಿ; ಡಬ್ಬಿ ಆ ಗಾಳಿಯನ್ನೇ ತಡೀತೈತಿ. ಅದಕ್ಕೇ ಮುಂದೆ ಫ್ಯಾನಿನಿಂದ ಗಾಳಿ ಹಾಯಿಸುವ ಸುರಂಗ ಬಂತು, ಬಯಲಲ್ಲಿ ಕಂಬ ನೆಟ್ಟು ಹಲವು ಎತ್ತರದ ಗಾಳಿ ಹಿಡಿಯುವ ರೀತಿಯೂ ಬಂತು. ನನಗೆ ಕಂಬದ ಲೆಕ್ಕವೇ ಹೆಚ್ಚು ನಂಬಿಕೆಯದು, ಖರ್ಚು ಮಾತ್ರ ಜಾಸ್ತಿ.

ಸುಣ್ಣ ಇರುವ ನಮ್ಮ ಎರಿ ಹೊಲದಾಗ ಮೇಲಷ್ಟೇ ಉಗ್ಗಿದರೆ ನಷ್ಟ ಹೆಚ್ಚು. ಉಗ್ಗಿದ ಕೂಡಲೇ ಎಡಿ ಹೊಡೆದು ಮಣ್ಣಾಗ ಮುಚ್ಚಿದರೆ, ಇಲ್ಲಾ ಒಳ್ಳೆ ಮಳೆ ಬಿದ್ದರೆ, ಕಡಿಮೆ.