ಕೊಂಬಿನ ಅಳತೆ, ಕಾಯುವವರ ಸರದಿ

ಅಮೆರಿಕದ ರಾಕಿ ಪರ್ವತಶ್ರೇಣಿಯ ಕಾಡುಗಳಲ್ಲಿ ಎಲ್ಕ್ ಎಂಬ ಹಿರಿಯ ಸಾರಂಗವೊಂದಿದೆ. ಹೆಸರೇ ಒಂದು ತಪ್ಪುಗ್ರಹಿಕೆಯ ಫಲ. ಯೂರೋಪಿನಲ್ಲಿ ಎಲ್ಕ್ ಎಂದರೆ ಅಮೆರಿಕನರು ಮೂಸ್ ಎಂದು ಕರೆಯುವ ಬೇರೊಂದು ಪ್ರಾಣಿ. ವಲಸೆ ಹೋದ ಇಂಗ್ಲಿಷರು ಹೊಸ ನಾಡಿನ ಸಾರಂಗಕ್ಕೆ ಆ ಹಳೆಯ ಹೆಸರನ್ನು ಅಂಟಿಸಿದರು. ದಕ್ಷಿಣ ಭಾರತಕ್ಕೆ ಬಂದ ಅವರ ದಾಯಾದಿಗಳು ನಮ್ಮ ಕಡವೆಯನ್ನೂ ಎಲ್ಕ್ ಎಂದೇ ಕರೆದರು. ಷಾನೀ ಜನರ ನುಡಿಯಲ್ಲಿ ಅದಕ್ಕೆ ವಾಪಿಟಿ, ಅಂದರೆ ಬಿಳಿಯ ಹಿಂಬದಿಯದು, ಎಂಬ ಒಪ್ಪುವ ಹೆಸರಿತ್ತು. ಅದನ್ನು ಕೇಳುವವರು ಯಾರು?

ಈ ಪ್ರಾಣಿಯ ಬೇಟೆಯ ಸುತ್ತ ಆ ದೇಶದಲ್ಲಿ ಒಂದು ಹಳೆಯ ವಿವಾದವಿದೆ. ಕೆಲವರಿಗೆ ಭವ್ಯವಾದ ಕೊಂಬು ದೊರೆಯುವಂತೆ ಹಿಂಡನ್ನು ಕಾಪಾಡಬೇಕೆ, ಅಥವಾ ಹಲವರಿಗೆ ಸಾಧಾರಣವಾದೊಂದು ಬೇಟೆ ದೊರೆತರೆ ಸಾಕೆ? 1972ರ ಕಾಯಿದೆಯಿಂದಲೂ 1991ರ ತಿದ್ದುಪಡಿಯಿಂದಲೂ ಬೇಟೆ ಬಹುಮಟ್ಟಿಗೆ ನಿಂತುಹೋದ ನಮ್ಮ ನಾಡಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಅದು ಪ್ರಜಾಪ್ರಭುತ್ವದ ಪ್ರಶ್ನೆಯೇ ಆಗಿದೆ.

ಅದಕ್ಕೆ ಕಾರಣ ಇತಿಹಾಸದಲ್ಲಿದೆ. ನಾರ್ಮನ್ ಅರಸರ ಇಂಗ್ಲೆಂಡಿನಲ್ಲಿ ಜಿಂಕೆ ಅರಸನ ಸೊತ್ತು. ಅದನ್ನು ಕೊಂದ ಬಡವನಿಗೆ ಘೋರ ಶಿಕ್ಷೆ. ಆ ನೆನಪನ್ನು ಹೊತ್ತು ಹೋದವರು ಹೊಸ ನಾಡಿನಲ್ಲಿ ಕಾಡುಪ್ರಾಣಿ ಎಲ್ಲರದು ಎಂದರು. 1896ರಲ್ಲಿ ಗೀರ್ ಎಂಬವನ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಪ್ರಾಣಿಗಳು ಜನತೆಯ ಸಾಮೂಹಿಕ ಸೊತ್ತು, ಸರ್ಕಾರ ಅವುಗಳ ಧರ್ಮದರ್ಶಿ ಎಂಬರ್ಥದ ತೀರ್ಪನ್ನಿತ್ತಿತು. ಆ ತೀರ್ಪು 1979ರಲ್ಲಿ ರದ್ದಾದರೂ ಅದರ ಭಾವನೆ ಅಳಿಯಲಿಲ್ಲ.

ಆದರೆ ಎಲ್ಲರದು ಎಂದದ್ದರ ಮೊದಲ ಫಲ ಸಂಹಾರ. ಮಾಂಸಕ್ಕೆ, ತೊಗಲಿಗೆ, ಕೊನೆಗೆ ಎರಡು ಹಲ್ಲಿಗಾಗಿ ಕೂಡ ಎಲ್ಕನ್ನು ಕೊಂದರು. ಅದರ ಮೇಲ್ದವಡೆಯ ಎರಡು ಕೋರೆಹಲ್ಲುಗಳು ದಂತದಂತಿರುತ್ತವೆ; ಎಲ್ಕ್ ಹೆಸರಿನ ಸಂಘವೊಂದರ ಸದಸ್ಯರಿಗೆ ಅವು ಗಡಿಯಾರದ ಸರಪಳಿಯ ಆಭರಣವಾದುವು. ಖಂಡದ ತುಂಬ ಇದ್ದ ಪ್ರಾಣಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಯೆಲ್ಲೋಸ್ಟೋನ್ ಮೊದಲಾದ ಕೆಲವೇ ಎಡೆಗಳಲ್ಲಿ ಉಳಿಯಿತು. ಅಲ್ಲಿಂದ ಹಿಡಿದು ತಂದ ಎಲ್ಕ್‌ಗಳನ್ನು 1913ರಲ್ಲಿ ಅರಿಝೋನದಲ್ಲಿ ಬಿಟ್ಟರು. 1935ರಲ್ಲಿ ಅಲ್ಲಿ ಮತ್ತೆ ಬೇಟೆ ನಡೆಯುವಷ್ಟು ಅವು ಹೆಚ್ಚಿದುವು. ಈ ಪುನರುಜ್ಜೀವನದ ಖರ್ಚನ್ನು ಬಹುಪಾಲು ಕೊಟ್ಟವರು ಬೇಟೆಗಾರರೇ: ಪರವಾನಗಿಯ ಶುಲ್ಕದಿಂದ, ಮತ್ತು 1937ರ ಕಾನೂನಿನಂತೆ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯಿಂದ. ಪರವಾನಗಿ ಕಡಿಮೆಯಾದರೆ ಕಾಡನ್ನು ಕಾಯುವ ಹಣವೂ ಕಡಿಮೆಯಾಗುತ್ತದೆ ಎಂಬುದನ್ನು ಕೊಂಬಿನ ಪಕ್ಷದವರು ಸುಲಭವಾಗಿ ಮರೆಯುತ್ತಾರೆ.

ಇನ್ನು ಕೊಂಬು. ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು 1950ರಲ್ಲಿ ಕೊಂಬುಗಳನ್ನು ಅಳೆಯುವ ಒಂದು ಕ್ರಮವನ್ನು ಗೊತ್ತುಮಾಡಿತು. ಉದ್ದ, ಸುತ್ತಳತೆ, ಕವಲುಗಳ ಅಳತೆ ಎಲ್ಲವನ್ನೂ ಅಂಗುಲದ ಎಂಟನೆಯ ಒಂದಂಶದವರೆಗೆ ಕೂಡಿ, ಎಡಬಲಗಳ ವ್ಯತ್ಯಾಸವನ್ನು ಕಳೆಯುತ್ತಾರೆ. 1899ರಲ್ಲಿ ಕೊಲರಾಡೊದ ಜಾನ್ ಪ್ಲೂಟ್ ಹೊಡೆದ ಎಲ್ಕಿನ ಕೊಂಬು ಬಹುಕಾಲ ಅಗ್ರಸ್ಥಾನದಲ್ಲಿತ್ತು: 442 3/8. ಆತ ಅದನ್ನು ಹೆಂಡದಂಗಡಿಯ ಸಾಲಕ್ಕೆ ಕೊಟ್ಟುಬಿಟ್ಟನಂತೆ! ಅದನ್ನು ಮೀರಿಸಿದ, 1968ರಲ್ಲಿ ಅರಿಝೋನದಲ್ಲಿ ದೊರೆತ ಕೊಂಬಿನ ಅಳತೆ 442 5/8. ಎಪ್ಪತ್ತು ವರ್ಷಗಳ ಅಂತರಕ್ಕೆ ಕಾಲಂಗುಲ.

ಎಲ್ಕಿನ ಕೊಂಬು ವರ್ಷವರ್ಷವೂ ಉದುರಿ ಹೊಸದಾಗಿ ಬೆಳೆಯುತ್ತದೆ. ವರ್ಷ ತುಂಬಿದ ಗಂಡಿಗೆ ಸಾಮಾನ್ಯವಾಗಿ ಕವಲಿಲ್ಲದ ಈಟಿಯಂಥ ಕೊಂಬು. ಪೂರ್ಣ ವೈಭವ ಬರಲು ಎಂಟು ಹತ್ತು ವರ್ಷ ಬದುಕಬೇಕು. ಎಲ್ಲರಿಗೂ ಬಂದೂಕು ಹಿಡಿಯಲು ಬಿಟ್ಟರೆ ಅಷ್ಟು ದಿನ ಬದುಕುವ ಗಂಡುಗಳು ವಿರಳ. ಆದುದರಿಂದ ಪ್ರಾಣಿಯ ಆಯುಸ್ಸಿಗೆ ಸೇರಿಸಿದ ವರ್ಷಗಳನ್ನು ಮನುಷ್ಯನ ಬೇಟೆಯಿಂದಲೇ ಕಳೆಯಬೇಕಾಗುತ್ತದೆ.

ಎಲ್ಕ್ ಅತಿ ಹೆಚ್ಚಾಗಿರುವ ಕೊಲರಾಡೊ ರಾಜ್ಯ ಮಧ್ಯಮಾರ್ಗವನ್ನು ಹುಡುಕಿತು. ಅನೇಕ ಪ್ರದೇಶಗಳಲ್ಲಿ ಅಂಗಡಿಯಲ್ಲಿ ಕೊಂಡುಕೊಳ್ಳುವ ಪರವಾನಗಿಯನ್ನು ಉಳಿಸಿಕೊಂಡು, 1980ರ ದಶಕದಲ್ಲಿ, ಒಂದು ಕೊಂಬಿನಲ್ಲಿ ನಾಲ್ಕು ಕವಲುಗಳೋ ಐದಂಗುಲದ ಹಣೆಗವಲೋ ಇಲ್ಲದ ಗಂಡನ್ನು ಹೊಡೆಯಬಾರದೆಂದು ವಿಧಿಸಿತು. ಎಳೆಯ ಗಂಡುಗಳು ಉಳಿದುವು. ಆದರೆ ಮರುವರ್ಷ ಅವುಗಳಿಗೆ ಕವಲೊಡೆಯುವುದೇ ತಡ, ಗುಂಡು ಸಿದ್ಧ! ಹಿರಿಯ ಗಂಡುಗಳು ಬೇಕಾದ ಕಡೆ ಪರವಾನಗಿಗಳನ್ನು ಬೆರಳೆಣಿಕೆಗೆ ಇಳಿಸಿ, ಸಿಕ್ಕದೆ ಹೋದವರಿಗೆ ವರ್ಷಕ್ಕೊಂದು ಆದ್ಯತೆಯ ಅಂಕವನ್ನು ಕೊಡಬೇಕಾಯಿತು.

ನನ್ನ ಒಲವು ಹಲವರ ಕಡೆಗೆ. ಆದರೆ ಹಿರಿಯ ಗಂಡಿನ ಪರವಾದ ಒಂದು ಮಾತನ್ನು ತಳ್ಳಿಹಾಕುವಂತಿಲ್ಲ. ಆರೆಗಾನ್ ರಾಜ್ಯದ ಸ್ಟಾರ್ಕಿ ಪ್ರಯೋಗಾರಣ್ಯದಲ್ಲಿ ನಡೆದ ಅಧ್ಯಯನದಲ್ಲಿ, ಗಂಡುಗಳು ಎಳೆಯವಾಗಿದ್ದರೆ ಹೆಣ್ಣುಗಳು ತಡವಾಗಿಯೂ ಚದರಿದ ಕಾಲದಲ್ಲಿಯೂ ಗರ್ಭ ಧರಿಸುತ್ತವೆ ಎಂದು ಕಂಡುಬಂದಿತು. ತಡವಾಗಿ ಹುಟ್ಟಿದ ಮರಿಗೆ ಹಿಮಗಾಲಕ್ಕೆ ಮೊದಲು ಮೈಗೂಡುವ ದಿನಗಳು ಕಡಿಮೆ. ಇಲ್ಲಿ ಬೇಕಾದುದು ಮಧ್ಯವಯಸ್ಸಿನ ಗಂಡು. ದಾಖಲೆಯ ಪುಸ್ತಕಕ್ಕೆ ಸೇರುವ ಕೊಂಬಿಗೂ ಹಿಂಡಿನ ಆರೋಗ್ಯಕ್ಕೂ ಅಷ್ಟು ನಂಟಿಲ್ಲ.

ಕೊಲರಾಡೊದ ವಾಯವ್ಯ ಮೂಲೆಯ ಕೆಲವು ಪ್ರದೇಶಗಳಲ್ಲಿ ಒಂದು ಪರವಾನಗಿಗೆ ಇಪ್ಪತ್ತಕ್ಕೂ ಮಿಕ್ಕಿ ಅಂಕಗಳು ಬೇಕು. ಇಪ್ಪತ್ತು ವರ್ಷ ಕಾದವರು ಮುಂದಿರುವಾಗ ಈ ವರ್ಷ ಅರ್ಜಿ ಹಾಕಿದ ಹುಡುಗನ ಸರದಿ ಇನ್ನೂ ಉದ್ದವಾಗುತ್ತದೆ; ಅಂಕ ಗಳಿಸುವವರು ಪ್ರತಿವರ್ಷ ಪರವಾನಗಿಗಳಿಗಿಂತ ಹೆಚ್ಚು. ಇದರ ನಡುವೆ ಪಶ್ಚಿಮದ ಹಲವು ರಾಜ್ಯಗಳು ವರ್ಷಕ್ಕೆ ಕೆಲವು ಪರವಾನಗಿಗಳನ್ನು ಹರಾಜು ಹಾಕುತ್ತವೆ. ಹಣ ಪ್ರಾಣಿಸಂರಕ್ಷಣೆಗೇ ಸಲ್ಲುತ್ತದೆ, ನಿಜ. ಹರಾಜಿನಲ್ಲಿ ಗೆದ್ದವನು ಮಾತ್ರ ಸರದಿಯಲ್ಲಿ ನಿಂತವನಲ್ಲ.